ಯಜಮಾನರ ಆಟೋಪೈಲಟ್ಟೂ ನನ್ನ ಒಂದು ಸಹಿಯೂ

ಹೋದ ಬುಧವಾರ ಬೆಳಗ್ಗೆ, ಯಲಹಂಕ ಕೆರೆಯ ಮೇಲೆ, ಪುಟ್ಟ ವಿಮಾನವೊಂದರಲ್ಲಿ ಕೈಕಟ್ಟಿ ಕೂತಿದ್ದೆ. ಪೈಲಟ್ ನಾನೇ. ಪಕ್ಕದ ಸೀಟು ಖಾಲಿ.

ವಿಮಾನ ಮಾತ್ರ ನೆಟ್ಟಗೆ ಹೋಗುತ್ತಲೇ ಇತ್ತು!

ಗಾಬರಿಯಾಗಬೇಡಿ. ಅದನ್ನು ನಡೆಸುತ್ತಿದ್ದದ್ದು ಆಟೋಪೈಲಟ್ ಎಂಬ ಹೊಸ ಪೆಟ್ಟಿಗೆ. ನಮ್ಮ ಮನೆಯ ರೇಡಿಯೋದಷ್ಟೂ ದೊಡ್ಡದಲ್ಲ. ದಿಕ್ಕು ಗೊತ್ತುಮಾಡಿ ಗುಂಡಿ ಒತ್ತಿದರೆ ಮುಗಿಯಿತು. ಗಾಳಿ ರೆಕ್ಕೆ ಎತ್ತಿದರೆ ತಾನೇ ಇಳಿಸುತ್ತದೆ. ಮೂತಿ ಅತ್ತಿತ್ತ ಸರಿದರೆ ತಾನೇ ತಿದ್ದುತ್ತದೆ. (ರಜ ಕೇಳುವುದಿಲ್ಲ, ಭತ್ಯೆ ಕೇಳುವುದಿಲ್ಲ ಎಂದು ಯಜಮಾನರು ನನ್ನ ಮುಖ ನೋಡಿಕೊಂಡೇ ಹೇಳಿದ್ದರು.)

ಈ ಅಂಕಣಕ್ಕೆ ಹೊಸಬರಾದವರಿಗೆ ಒಂದು ಮಾತು. ವಾರಕ್ಕೊಮ್ಮೆ ಇಲ್ಲಿ ಹರಟುವ ನಾನು ಹೊಟ್ಟೆಪಾಡಿಗೆ ಪೈಲಟ್. ನಮ್ಮ ಯಜಮಾನರಿಗೆ ಯಶವಂತಪುರದಲ್ಲಿ ನೂಲಿನ ಮಿಲ್ಲು, ಹೆಬ್ಬಾಳದಲ್ಲಿ ಮನೆ, ಚಿಕ್ಕಜಾಲದಲ್ಲಿ ಪಿತ್ರಾರ್ಜಿತ ಹೊಲ. ಹತ್ತಿ ನೋಡಲು ಕೊಯಮತ್ತೂರಿಗೆ ಹೋಗಬೇಕಾದಾಗ ಅವರ ನಾಲ್ಕು ಸೀಟಿನ ವಿಮಾನವನ್ನು ಹತ್ತು ವರ್ಷದಿಂದ ನಾನು ಹಾರಿಸುತ್ತಿದ್ದೇನೆ. ಎರಡು ವರ್ಷದ ಹಿಂದೆ ಅವರೂ ಹಾರುವುದನ್ನು ಕಲಿತು ಲೈಸೆನ್ಸ್ ಪಡೆದರು. ಆದರೆ ದೂರದ ದಾರಿಗೆ ಒಬ್ಬರೇ ಹೋಗುವ ಧೈರ್ಯವಿಲ್ಲ. ಆ ಧೈರ್ಯವನ್ನೇ ಈಗ ಕಾಸು ಕೊಟ್ಟು ವಿಲಾಯಿತಿಯಿಂದ ತರಿಸಿದ್ದಾರೆ.

"ಮೂರು ದಿನ ಇದನ್ನ ಹಾರಿಸಿ ಕಲೀರಿ" ಅಂದರು. "ಆಮೇಲೆ ನಂಬಬಹುದೋ ಇಲ್ವೋ ಅಂತ ಬರೆದು ಸಹಿ ಹಾಕ್ಕೊಡಿ. ನಂಬಬಹುದು ಅಂದ್ರೆ ಇನ್ಮೇಲೆ ಕೊಯಮತ್ತೂರಿಗೆ ನಾನೊಬ್ನೇ ಹೋಗ್ತೀನಿ."

ಅಂದರೆ ನನ್ನ ಕೆಲಸ ಹೋಗುವ ಕಾಗದಕ್ಕೆ ನಾನೇ ಸಹಿ ಹಾಕಬೇಕು. ಇಂಥ ಪರೀಕ್ಷೆ ಯಾವ ಶಾಲೆಯಲ್ಲಿದೆ, ಹೇಳಿ?

ಅವತ್ತಿನಿಂದ ನನಗೆ ಆ ಪೆಟ್ಟಿಗೆಯ ಮೇಲೆ ಕಣ್ಣು. ಬುಧವಾರ ಅದು ವಿಮಾನ ನಡೆಸುತ್ತಿದ್ದಷ್ಟು ಹೊತ್ತೂ ಎಲ್ಲಿ ತಪ್ಪುತ್ತದೆ ಎಂದು ಕಾದೆ. ತಪ್ಪಲಿಲ್ಲ. ಗುರುವಾರ ಬೇಕೆಂದೇ ಮಧ್ಯಾಹ್ನದ ಬಿಸಿಲಲ್ಲಿ, ಗಾಳಿ ಎತ್ತಿ ಕುಕ್ಕುವ ಹೊತ್ತಿನಲ್ಲಿ ಹೋದೆ. ಅದು ಜಪ್ಪಯ್ಯ ಅನ್ನಲಿಲ್ಲ. ಯಾವ ತಪ್ಪೂ ಮಾಡದವರನ್ನು ಕಂಡರೆ ನನಗೆ ಮೊದಲಿಂದಲೂ ಅನುಮಾನ.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು: "ಅದೇನಾದ್ರೂ ತಪ್ಪು ಮಾಡ್ತೇನ್ರೀ?"

"ಇಲ್ಲ."

"ಇನ್ನೂ ಒಂದಿನ ಇದೆಯಲ್ಲ" ಅಂದಳು. ಸಾಧ್ವಿ! ಗಂಡನಿಗೆ ತಕ್ಕ ಹೆಂಡತಿ.

ಮೂರನೆಯ ದಿನ ಶುಕ್ರವಾರ. ಹಾರುವ ಮುಂಚೆ ಹೊಸ ಯಂತ್ರಕ್ಕೆ ಪೂಜೆ. ಯಜಮಾನರ ತಾಯಿ (ನಾವೆಲ್ಲ ದೊಡ್ಡಮ್ಮ ಅನ್ನುತ್ತೇವೆ) ಕಾರಿನಲ್ಲಿ ವಿಮಾನದ ಶೆಡ್ಡಿಗೆ ಬಂದರು. ಪೆಟ್ಟಿಗೆಗೆ ಕುಂಕುಮ ಇಟ್ಟರು. ಎದುರಿನ ಹಲಗೆಯ ಮೇಲೆ ದಿಕ್ಕು ತೋರುವ ಕಂಪಾಸಿನ ಸುತ್ತ ಚೆಂಡುಹೂವಿನ ಹಾರ ಹಾಕಿದರು. ಚಕ್ರದ ಕೆಳಗೆ ನಿಂಬೆಹಣ್ಣು. "ಸಂಜೆಗಂಟ ಆರ ತೆಗೀಬ್ಯಾಡ ಕಣಪ್ಪ" ಎಂದು ನನಗೆ ತಾಕೀತು ಮಾಡಿ ಹೊರಟರು.

ನಂದಿಬೆಟ್ಟಕ್ಕೆ ಹೋಗಿ ಬರುವುದೆಂದು ನಿಶ್ಚಯಿಸಿದ್ದೆ. ಮಂಜು ಕವಿದು ಬೆಟ್ಟ ಕಾಣುತ್ತಿರಲಿಲ್ಲ. ಒಳ್ಳೆಯದೇ ಆಯಿತು, ಕಣ್ಣಿಲ್ಲದ ಪೆಟ್ಟಿಗೆಗೆ ಸರಿಯಾದ ಪರೀಕ್ಷೆ. ಮೇಲೆ ಹೋಗಿ, ಕಂಪಾಸು ನೋಡಿ ದಿಕ್ಕು ಗೊತ್ತುಮಾಡಿ, ಗುಂಡಿ ಒತ್ತಿ, ಹತ್ತು ನಿಮಿಷ ಮುಟ್ಟುವುದಿಲ್ಲವೆಂದು ಕೈಕಟ್ಟಿದೆ.

ಸ್ವಲ್ಪ ಹೊತ್ತಿಗೆ ಚಿಕ್ಕಜಾಲ ಕಾಲಕೆಳಗೆ ಬರಬೇಕಿತ್ತು. ಎಡಕ್ಕೆ ದೂರದಲ್ಲಿ ಹೋಯಿತು. ಮುಟ್ಟಲಿಲ್ಲ. ಇನ್ನೂ ಸ್ವಲ್ಪ ಹೊತ್ತಿಗೆ ಮಂಜಿನ ಸಂದಿನಲ್ಲಿ ಒಂದು ಕೋಟೆ ಕಂಡಿತು. ದೇವನಹಳ್ಳಿ! ಬಲಕ್ಕೆ ಎಲ್ಲೋ ಇರಬೇಕಾದ ಕೋಟೆ ನೇರ ನನ್ನ ಕೆಳಗೆ. ಪೆಟ್ಟಿಗೆ ಮಾತ್ರ ತಾನು ನಂದಿಗೇ ಹೋಗುತ್ತಿದ್ದೇನೆಂಬ ಗತ್ತಿನಲ್ಲಿ ಹೋಗುತ್ತಿತ್ತು.

ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ವಿಮಾನದಲ್ಲೇ ಗಟ್ಟಿಯಾಗಿ ನಕ್ಕೆ.

ವಾಪಸು ಬಂದು ಇಳಿದವನೇ ರೆಕ್ಕೆಯ ಮೇಲೆ ಕಾಗದ ಹರಡಿ ಬರೆದೆ: "ಈ ಯಂತ್ರ ದಾರಿ ತಪ್ಪುತ್ತದೆ. ನಂಬಲು ಯೋಗ್ಯವಲ್ಲ." ಕೆಳಗೆ ದೊಡ್ಡದಾಗಿ ಸಹಿ ಹಾಕಿದೆ.

ನಮ್ಮ ಮೆಕ್ಯಾನಿಕ್ ಮುನಿಯಪ್ಪ ಹುಣಸಮಾರನಹಳ್ಳಿಯವನು. ನನಗಿಂತ ದೊಡ್ಡ ಅನುಮಾನದ ಪ್ರಾಣಿ. ನನ್ನ ಮಾತು ಕೇಳಿ ತಲೆ ಕೆರೆದುಕೊಂಡ. ಶೆಡ್ಡಿನ ನೆಲದ ಮೇಲೆ ಸರಿಯಾಗಿ ಉತ್ತರಕ್ಕೆ ಎಳೆದ ಗೆರೆಯೊಂದಿದೆ. ವಿಮಾನವನ್ನು ಅದರ ಮೇಲೆ ತಳ್ಳಿ ನಿಲ್ಲಿಸಿದ.

"ಸ್ವಾಮಿ, ಮೂತಿ ನೆಟ್ಟಗೆ ಬಡಗಲಿಗೈತೆ. ಕಂಪಾಸು ಏನಂತದೆ ನೋಡಿ."

ನೋಡಿದೆ. ಅದು ಬೇರೆ ಕಡೆ ತೋರಿಸುತ್ತಿತ್ತು. ಮುನಿಯಪ್ಪ ಚೆಂಡುಹೂವಿನ ಕೆಳಗೆ ಕೈ ಹಾಕಿ, ಕಂಪಾಸಿನ ಹಿಂದಿನ ಸಂದಿಯಿಂದ ಏನನ್ನೋ ಎಳೆದ. ಕುದುರೆ ಲಾಳ. ಅರಿಶಿನ ಬಳಿದು, ಕರಿದಾರ ಸುತ್ತಿದ್ದು.

ಹೊಸ ಯಂತ್ರಕ್ಕೆ ದೃಷ್ಟಿ ತಾಕದಿರಲೆಂದು ದೊಡ್ಡಮ್ಮ ಇಟ್ಟದ್ದು! ಮನೆ ಹೊಸ್ತಿಲಿಗೆ ಬಡಿಯುತ್ತಾರೆ, ಲಾರಿ ಮೂತಿಗೆ ಕಟ್ಟುತ್ತಾರೆ, ಯಾರಿಗೂ ತೊಂದರೆಯಿಲ್ಲ. ಕಂಪಾಸಿನ ಪಕ್ಕ ಕಬ್ಬಿಣ ಇಟ್ಟರೆ ಅದು ಸುಳ್ಳು ದಿಕ್ಕು ಹೇಳುತ್ತದೆಂದು ಪಾಪ ಅವರಿಗೇನು ಗೊತ್ತು? ಆ ಸುಳ್ಳನ್ನೇ ನಂಬಿ ನಾನು ಪೆಟ್ಟಿಗೆಗೆ ದಿಕ್ಕು ಹೇಳಿದ್ದೆ. ಅದು ಹೇಳಿದಂತೆ ಕೇಳಿತ್ತು. (ಹಾರುವ ಮುಂಚೆ, ದಿಕ್ಕು ಗೊತ್ತಿರುವ ರನ್‌ವೇ ಮೇಲೆ ನಿಂತು ಕಂಪಾಸು ಸರಿನೋಡುವುದು ಪೈಲಟ್ಟನ ಕರ್ತವ್ಯ. ಪೆಟ್ಟಿಗೆಯನ್ನೇ ದುರುಗುಟ್ಟುತ್ತಿದ್ದ ನಾನು ಅದನ್ನು ಮರೆತಿದ್ದೆ.)

ಮುನಿಯಪ್ಪ ನನ್ನ ಕೈಲಿದ್ದ ಕಾಗದ ನೋಡಿದ. "ನಾನೇನೂ ಕಂಡಿಲ್ಲ ಸ್ವಾಮಿ. ನೀವು ಎಂಗಂದ್ರೆ ಅಂಗೆ" ಎಂದು ಲಾಳವನ್ನು ನನ್ನ ಕೈಗಿಟ್ಟು ಚಹಾ ಕುಡಿಯಲು ಹೋದ.

ಈಗ ನೀವೇ ಹೇಳಿ. ಕಾಗದ ತಯಾರಾಗಿದೆ. ಸಾಕ್ಷಿ ಚಹಾ ಕುಡಿಯುತ್ತಿದ್ದಾನೆ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು. ಸುಳ್ಳು ಬರೆಯುವುದೂ ಬೇಡ, ಬರೆದದ್ದನ್ನು ಹರಿಯದಿದ್ದರೆ ಸಾಕು. ಅರ್ಧ ಗಂಟೆ ಅಲ್ಲೇ ಕೂತಿದ್ದೆ.

ಕೊನೆಗೆ ಹರಿದೆ. ದೊಡ್ಡ ಧರ್ಮರಾಯನೆಂದು ತಿಳಿಯಬೇಡಿ. ಸರಿಯಾಗಿರುವ ಯಂತ್ರದ ಮೇಲೆ ಸುಳ್ಳು ಹೇಳಿದರೆ, ನಾಳೆ ನನ್ನ ಕೈಬರಹ ನೋಡಿದಾಗ ನನಗೇ ಅಸಹ್ಯವಾಗುತ್ತದೆ ಎನಿಸಿತು. ಅಷ್ಟೇ. ಹೊಸ ಕಾಗದದಲ್ಲಿ ಬರೆದೆ: "ಕಂಪಾಸಿನ ಬಳಿ ಕಬ್ಬಿಣದ ಚೂರು ಸಿಕ್ಕಿತು, ತೆಗೆದಿದ್ದೇನೆ. ಯಂತ್ರ ಸರಿಯಾಗಿದೆ. ನಂಬಬಹುದು."

ಹೆಬ್ಬಾಳದ ಮನೆಯ ಗೇಟಿನಲ್ಲೇ ದೊಡ್ಡಮ್ಮ ತಡೆದರು. ಮುನಿಯಪ್ಪ ಫೋನ್ ಮಾಡಿದ್ದನಂತೆ. (ಏನೂ ಕಾಣದ ಮುನಿಯಪ್ಪ!)

"ನಾನಿಟ್ಟಿದ್ದು ಅಂತ ನನ್ ಮಗನ್ಗೆ ಏಳ್ಬ್ಯಾಡ ಕಣಪ್ಪ. ಇಂಗೆಲ್ಲ ಮಾಡಿದ್ರೆ ಕ್ವಾಪ ಅವನ್ಗೆ. ಮಾತಾಡ್ಸದೇ ಬಿಟ್ಬುಡ್ತಾನೆ."

ಆ ವಯಸ್ಸಿನ ಹೆಂಗಸು ಕೈಮುಗಿದರೆ ಏನು ಮಾಡುತ್ತೀರಿ? ಆಯಿತಮ್ಮ ಅಂದೆ. (ಯಜಮಾನರು ಇಂಗ್ಲಿಷ್ ಪೇಪರ್ ಬಿಟ್ಟು ಬೇರೆ ಪೇಪರ್ ಓದುವವರಲ್ಲ. ಆ ಧೈರ್ಯದ ಮೇಲೆ ಇದನ್ನೆಲ್ಲ ಬರೆಯುತ್ತಿದ್ದೇನೆ.)

ಯಜಮಾನರು ಕಾಗದವನ್ನು ಎರಡು ಸಲ ಓದಿದರು. "ಸೋಮವಾರ ನಾನೊಬ್ನೇ ಹೋಗ್ತೀನಿ" ಅಂದರು. ಗೊತ್ತಿದ್ದೇ ಸಹಿ ಹಾಕಿದ್ದರೂ ಕಿವಿಯಲ್ಲಿ ಕೇಳುವುದು ಬೇರೆಯೇ. ಎದ್ದು ನಮಸ್ಕಾರ ಹೇಳಿದೆ.

"ಒಂದ್ನಿಮಿಷ" ಅಂದರು ಯಜಮಾನರು, ಕನ್ನಡಕ ತೆಗೆಯುತ್ತ. "ಈ ಮಿಷನ್ ಕೆಟ್ಟಿದೆ ಅಂತಾಗಿದ್ರೆ ನಿಮಗೆ ತಾನೆ ಲಾಭ? ನಿಜ ಹೇಳ್ರಿ, ಆ ಕಬ್ಬಿಣ ಇಟ್ಟಿದ್ದು ನೀವೇ ಅಲ್ವಾ?"

ಬಾಗಿಲಲ್ಲಿ ದೊಡ್ಡಮ್ಮ ಕಾಫಿ ಹಿಡಿದು ನಿಂತಿದ್ದರು. ಲೋಟವನ್ನು ಮೇಜಿನ ಮೇಲಿಟ್ಟು, ನನ್ನ ಕಡೆ ನೋಡದೆ ಒಳಗೆ ಹೋದರು.

ಮೂರೇ ದಿನದಲ್ಲಿ ಒಂದು ಪೆಟ್ಟಿಗೆಯನ್ನು ನಂಬಿದ ಮನುಷ್ಯನಿಗೆ, ಹತ್ತು ವರ್ಷ ತಾನು ಯಾರ ಕೈಗೆ ಪ್ರಾಣ ಒಪ್ಪಿಸಿ ಕೂತಿದ್ದನೋ ಆ ಪೈಲಟ್ಟನ್ನು ನಂಬಲು ಇನ್ನೆಷ್ಟು ವರ್ಷ ಬೇಕಿತ್ತು?