ಮೋಂಘಿಯ ಮುಂದೆ ಕೈ ಕಟ್ಟಿ

ಕೈಗಳನ್ನು ಹಿಂದೆ ಕಟ್ಟಿಕೊಂಡು ಸುಮ್ಮನೆ ನಿಲ್ಲುವುದು ಎಷ್ಟು ಕಷ್ಟದ ಕೆಲಸವೆಂದು ತಿಳಿಯಲು ನನಗೆ ಅರವತ್ತೊಂದು ವರ್ಷ ಬೇಕಾಯಿತು; ಜೊತೆಗೆ ಒಂದು ಕುದುರೆಯೂ ಬೇಕಾಯಿತು. ನಾನು ಕುಂದಾಪುರದ ಕಡೆಯವನು, ಅಹಮದಾಬಾದಿನ ಅಂಚಿನ ಬಡಾವಣೆ ಬೋಪಾಲ್‌ನಲ್ಲಿ ಹೋಟೆಲು ಇಟ್ಟವನು. ಎದುರಿಗೆ ಕೂತವರಿಗೆ ಏನಾದರೂ ಬಡಿಸದಿದ್ದರೆ ನನ್ನ ಕೈ ತುರಿಸುತ್ತದೆ. ಬಟ್ಟಲು ಅರ್ಧ ಖಾಲಿಯಾಗುವುದರೊಳಗೆ ಸಾಂಬಾರು ಸುರಿದಿರುತ್ತೇನೆ. ಗಿರಾಕಿ ‘ಬಸ್ ಅಣ್ಣಾ, ಬಸ್’ ಎಂದು ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಸುರಿದದ್ದೂ ಉಂಟು. ಇದನ್ನೆಲ್ಲ ನಾನು ಇಷ್ಟು ದಿನ ಸದ್ಗುಣವೆಂದೇ ತಿಳಿದಿದ್ದೆ.

ಹೋದ ವರ್ಷ ನನ್ನ ಹೆಂಡತಿ ಜಲಜಳಿಗೆ ಪಾರ್ಶ್ವವಾಯು ಬಡಿಯಿತು. ದೇವರ ದಯೆ, ಮಾತು ಬೇಗ ಮರಳಿತು. ನನಗೆ ಬೈಯಲು ಬೇಕಾಗುವಷ್ಟು ಮೊದಲ ವಾರದಲ್ಲೇ ಬಂತು. ಆದರೆ ಎಡಗೈ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ಕೂತರೆ ಮೈ ಎಡಕ್ಕೆ ವಾಲುತ್ತಿತ್ತು. ಅವಳಿಗಿದ್ದ ಆಸೆ ಒಂದೇ: ತನ್ನ ಜಡೆ ತಾನೇ ಹಾಕಿಕೊಳ್ಳಬೇಕು. ಅದಕ್ಕೆ ಎರಡು ಕೈ ಬೇಕಲ್ಲ! ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು. ನಾನು ಹೆಣೆದದ್ದನ್ನು ಕನ್ನಡಿಯಲ್ಲಿ ನೋಡಿ ಅವಳು, “ಇದು ಜಡೆಯಾ, ಬಾವಿ ಹಗ್ಗವಾ ಮಾರಾಯ್ರೆ?” ಎನ್ನುತ್ತಿದ್ದಳು.

ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿಯೇ ಬೋಪಾಲ್ ದಾಟಿದ ಮೇಲೆ ಸಿಗುವ ಕುದುರೆ ಫಾರ್ಮಿನ ದಾರಿ ಹೇಳಿದಳು. ಅಲ್ಲಿ ಸವಾರಿಯೇ ಚಿಕಿತ್ಸೆಯಂತೆ. ಕುದುರೆ ಕಂಡರೆ ಕಾಲುನೋವು ಎಂಬ ಗಾದೆ ಕೇಳುತ್ತ ಬೆಳೆದವನಿಗೆ, ಕುದುರೆ ಕಂಡು ಮೈ ನೆಟ್ಟಗಾಗುತ್ತದೆ ಎಂದರೆ ನಂಬುವುದು ಹೇಗೆ? ನನಗೂ ಕುದುರೆಗೂ ಇದ್ದ ನಂಟು ಹುರುಳಿಯದ್ದೊಂದೇ. ಅದು ಬೇಯಿಸಿದ ಕಾಳು ತಿನ್ನುತ್ತದೆ, ನಾವು ಬಸಿದ ಕಟ್ಟಿನಿಂದ ಸಾರು ಮಾಡುತ್ತೇವೆ. ಹಿಂದಿನ ಕಾಲದ ರಾಜರು ಕುದುರೆಯ ಸುಳಿ, ಬಣ್ಣ, ನಡೆ ನೋಡಿ ಲಕ್ಷಣ ಹೇಳುವ ಪಂಡಿತರನ್ನೇ ಸಾಕುತ್ತಿದ್ದರಂತೆ. ನಾನು ಮಾತ್ರ ಮೊದಲು ನೋಡಿದ್ದು ಅದರ ಹಿಂಗಾಲು ಎಷ್ಟು ದೂರ ಒದೆಯಬಲ್ಲದು ಎಂಬುದನ್ನು.

ಫಾರ್ಮಿನ ಒಡತಿ ಹಂಸಾಬೆನ್. ಐವತ್ತರ ಹೆಂಗಸು, ಗಂಬೂಟು, ತಲೆಗೆ ದುಪಟ್ಟಾ. ಬೆಳಿಗ್ಗೆ ಅಪಾರ್ಟ್‌ಮೆಂಟಿನ ಮಕ್ಕಳಿಗೆ ಸವಾರಿಯ ಪಾಠ. ಬಿಸಿಲು ಇಳಿದ ಮೇಲೆ ಜಲಜಳಂಥವರ, ಮಾತು ಬಾರದ ಮಕ್ಕಳ ಸರದಿ. ಲಾಯಕ್ಕೆ ಕಾಲಿಡುವ ಮೊದಲು ಬಾಗಿಲಲ್ಲಿ ನಿಂತು ಒಂದೊಂದು ಕುದುರೆಯ ಉಸಿರನ್ನೂ ಕೇಳುತ್ತಾಳೆ. ಮಂಕಾಗಿದ್ದ ಕುದುರೆಗೆ ಆ ದಿನ ರಜೆ. ನನ್ನ ಹೋಟೆಲಿನಲ್ಲಿ ನಾನು ಯಾರಿಗೂ ಹಾಗೆ ರಜೆ ಕೊಟ್ಟವನಲ್ಲ. ಮದುವೆ ಮೆರವಣಿಗೆಗೆ ಕುದುರೆ ಕೇಳಿಕೊಂಡು ಬಂದವರನ್ನು ಅವಳು ನನ್ನೆದುರೇ ವಾಪಸು ಕಳಿಸಿದಳು. “ಮಾತು ಬಾರದ ಮಕ್ಕಳ ದನಿಗೆ ಕಿವಿ ಕೊಡಬೇಕಾದ ಕುದುರೆಯನ್ನು ಡಿಜೆ ಮುಂದೆ ನಿಲ್ಲಿಸಲಾ?” ಎಂದಳು. ನನಗೆ ಎದ್ದು ನಿಂತು ಕೈಮುಗಿಯಬೇಕೆನಿಸಿತು.

ಜಲಜಳ ಪಾಲಿಗೆ ಬಂದವಳು ಮೋಂಘಿ, ವಯಸ್ಸಾದ ಕಾಠಿಯಾವಾಡಿ ಹೆಣ್ಣುಕುದುರೆ. ಮೋಂಘಿ ಎಂದರೆ ಗುಜರಾತಿಯಲ್ಲಿ ಬೆಲೆಬಾಳುವವಳು. ಆ ತಳಿಯ ಕಿವಿ ನೋಡಬೇಕು ನೀವು! ಎರಡೂ ಒಳಕ್ಕೆ ಬಾಗಿ, ಮುಗಿದ ಕೈಗಳ ಹಾಗೆ ತುದಿಗೆ ತುದಿ ತಾಗುತ್ತವೆ. ಕಟ್ಟೆಯ ಮೇಲಿಂದ ಜಲಜಳನ್ನು ಹತ್ತಿಸಿ, ಆಚೀಚೆ ಇಬ್ಬರು ಹಿಡಿದು, ಮುಂದೊಬ್ಬ ಲಗಾಮು ಹಿಡಿದು ನಿಧಾನ ನಡೆಸುತ್ತಾರೆ. ಕುದುರೆ ನಡೆದಂತೆ ಸವಾರನ ಸೊಂಟ, ತಾನೇ ನಡೆಯುತ್ತಿದ್ದೇನೆ ಎಂಬಂತೆ ಆಡುತ್ತದಂತೆ. ಮೂರು ವಾರದಲ್ಲಿ ಜಲಜ ನೆಟ್ಟಗೆ ಕೂರತೊಡಗಿದಳು.

ಸವಾರಿ ಮುಗಿದ ಮೇಲೆ ಕುದುರೆಗೆ ಒಂದು ತುಂಡು ಬೆಲ್ಲ, ಸವಾರಿ ಮಾಡಿದವರೇ ಕೊಡಬೇಕು, ಅದೂ ಸೋತ ಕೈಯಿಂದ. ಇದು ಅಲ್ಲಿಯ ಕಟ್ಟುನಿಟ್ಟು. ಜಲಜ ಎಡಗೈ ಬೆರಳುಗಳನ್ನು ಬಲಗೈಯಿಂದ ಬಿಡಿಸಿಟ್ಟು ಹೇಗೋ ಕೊಡುತ್ತಿದ್ದಳು. ನನಗೋ, ನನ್ನ ಹೆಂಡತಿಯನ್ನು ಹೊರುವ ಜೀವದ ಮುಂದೆ ಬರಿಗೈಯಲ್ಲಿ ನಿಲ್ಲಲು ನಾಚಿಕೆ. ಜೇಬಿನಲ್ಲಿ ಬೆಲ್ಲ ತುಂಬಿಕೊಂಡು ಹೋಗಿ, ಹಂಸಾಬೆನ್ ಬರುವ ಮೊದಲೇ ಮೋಂಘಿಗೆ ಬಡಿಸತೊಡಗಿದೆ.

ಒಂದು ಸಂಜೆ ನಡು ಸವಾರಿಯಲ್ಲಿ ಮೋಂಘಿ ಗಕ್ಕನೆ ತಿರುಗಿ ಬೇಲಿಯ ಬಳಿ ನಿಂತಿದ್ದ ನನ್ನತ್ತ ಹೊರಟಿತು. ಜಲಜ ಎಡಕ್ಕೆ ಜಾರಿದಳು. ಆಚೀಚೆಯವರು ಹಿಡಿಯದಿದ್ದರೆ ಬಿದ್ದೇಬಿಡುತ್ತಿದ್ದಳು. ಮೋಂಘಿ ಮಾತ್ರ ನೆಟ್ಟಗೆ ಬಂದು ನನ್ನ ಜೇಬಿಗೆ ಮೂತಿ ತೂರಿಸಿತು. ಬೇರೆ ಸಾಕ್ಷಿ ಬೇಕೇ?

ಹಂಸಾಬೆನ್ ಕೂಗಾಡಲಿಲ್ಲ. “ಅಣ್ಣಾ, ಮನೆಯಲ್ಲೂ ಹೀಗೇನಾ? ಇವರು ಕೈ ಎತ್ತುವ ಮೊದಲೇ ಎಲ್ಲಾ ನೀವೇ ಮಾಡಿಬಿಡ್ತೀರಾ?” ಎಂದು ಹಿಂದಿಯಲ್ಲಿ ಕೇಳಿದಳು.

ಕುದುರೆಯ ಮೇಲಿಂದ ಜಲಜಳೇ ಉತ್ತರ ಕೊಟ್ಟಳು: “ಉಸಿರಾಡುವುದೊಂದನ್ನು ನನಗೆ ಬಿಟ್ಟಿದ್ದಾರೆ.”

ನನಗೆ ಸಿಟ್ಟು ನೆತ್ತಿಗೇರಿತು. ಮೂವತ್ತು ವರ್ಷ ಊರಿಗೇ ಉಣ್ಣಿಸಿದವನಿಗೆ ಉಣ್ಣಿಸುವ ಪಾಠವಾ! ಆದರೆ ತಪ್ಪು ಎದುರಿಗೇ ಮೂತಿ ನೆಕ್ಕುತ್ತ ನಿಂತಿತ್ತು. ಸ್ನಾನದ ಚೊಂಬು, ರವಿಕೆಯ ಗುಂಡಿ, ತಟ್ಟೆಯ ಅನ್ನ, ಎಲ್ಲದಕ್ಕೂ ನನ್ನ ಕೈಯೇ ಮುಂದೆ. ಆ ಎಡಗೈ ಯಾತಕ್ಕಾಗಿ ಏಳಬೇಕಿತ್ತು? ಹಂಸಾಬೆನ್ ಶಿಕ್ಷೆ ವಿಧಿಸಿದಳು: ಬೇಲಿಯಾಚೆ ನಿಲ್ಲಬೇಕು, ಎರಡೂ ಕೈ ಬೆನ್ನ ಹಿಂದೆ.

ಅಂದು ಕುದುರೆಯಿಂದ ಇಳಿದ ಜಲಜಳ ಬಲಗೈಗೂ ರಜೆ. ಎಡಗೈಗೆ ಬೆಲ್ಲ ಇಟ್ಟರು. ಬೆರಳು ಮಡಚಿಕೊಂಡವು, ಬೆಲ್ಲ ಬಿತ್ತು. ಮತ್ತೆ ಇಟ್ಟರು, ಮತ್ತೆ ಬಿತ್ತು. ಹಂಸಾಬೆನ್ ಒಂದು ಬೆರಳನ್ನೂ ಮುಟ್ಟಲಿಲ್ಲ. ನನ್ನ ಜೇಬನ್ನು ದೋಚಿದ ಅದೇ ಮೋಂಘಿ, ಆ ಕೈಯ ಮುಂದೆ ಕತ್ತು ತಗ್ಗಿಸಿ ಕಾಯಿತು. ಕಾದೇ ಕಾಯಿತು. ಕೊನೆಗೆ ಬೆರಳು ಒಂದೊಂದಾಗಿ ಬಿಚ್ಚಿದವು, ಅಂಗೈ ಚಪ್ಪಟೆಯಾಯಿತು, ಕುದುರೆಯ ತುಟಿ ತಾಗಿತು. “ಮೀಸೆ ಚುಚ್ಚುತ್ತದೆ ಕಾಣಿ!” ಎಂದು ಜಲಜ ಕಿರುಚಿದಳು. ಆ ಕೈಗೆ ಏನಾದರೂ ಚುಚ್ಚಿದ್ದು ತಿಳಿದು ತಿಂಗಳುಗಳಾಗಿದ್ದವು. ನಾನು ಅತ್ತುಬಿಟ್ಟೆ. ಕೈ ಹಿಂದಿದ್ದುದರಿಂದ ಕಣ್ಣೊರೆಸಿಕೊಳ್ಳಲೂ ಆಗಲಿಲ್ಲ.

ಆಮೇಲೆ ಹಂಸಾಬೆನ್ ಮೋಂಘಿಯ ಕುತ್ತಿಗೆಗೂದಲು ಹೆಣೆಯುವ ಕೆಲಸ ಹಚ್ಚಿದಳು. ವಾರಗಟ್ಟಲೆ ಹೆಣೆದು, ಬಿಚ್ಚಿ, ಹೆಣೆದು, ಎಡಗೈ ಎಳೆ ಹಿಡಿಯುವುದನ್ನು ಕಲಿಯಿತು. ಕಾಯುವುದರಲ್ಲಿ ಆ ಕುದುರೆಗೆ ಸಮನಾದ ಮಾಣಿ ನನ್ನ ಹೋಟೆಲಿನಲ್ಲಿ ಒಬ್ಬನೂ ಇಲ್ಲ. ಯಜಮಾನನಂತೂ ಅಲ್ಲವೇ ಅಲ್ಲ.

ಮೊನ್ನೆ ಬೆಳಿಗ್ಗೆ ಬಾಚಣಿಗೆ ಹಿಡಿದು ಹೋದರೆ ಜಲಜ ನನ್ನ ಕೈಯಿಂದ ಅದನ್ನು ಇಸಿದುಕೊಂಡಳು. ಅರ್ಧ ಗಂಟೆ ಹಿಡಿಯಿತು. ಎರಡು ಸಲ ಎಳೆ ತಪ್ಪಿತು. ಎರಡು ಸಲವೂ ನನ್ನ ಕೈಗಳು ಬೆನ್ನ ಹಿಂದೆ ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡವು. ತುದಿಗೆ ರಬ್ಬರ್ ಹಾಕಿ ಅವಳು ತಿರುಗಿದಳು.

“ಹೇಗುಂಟು?”

“ಸ್ವಲ್ಪ ಸೊಟ್ಟ ಉಂಟು.”

“ಇರಲಿ, ನಾನೇ ಹಾಕಿದ್ದಲ್ಲವಾ” ಎಂದವಳು, ಎಡಗೈಯನ್ನು ಅಗಲಿಸಿ ನನ್ನ ಮುಂದೆ ಚಾಚಿದಳು. ಅಂಗೈಯಲ್ಲಿ ಒಂದು ತುಂಡು ಬೆಲ್ಲವಿತ್ತು. “ತೆಗೆದುಕೊಳ್ಳಿ. ಇವತ್ತು ನೀವೂ ಚೆನ್ನಾಗಿ ನಿಂತಿರಿ.”