ದೇವರ ದೋಸೆ ಮತ್ತು ಇವರ ಬಲಗೈ

ನಮ್ಮವರ ಹಟ ಎಂಥದು ಎಂದು ಯಾರಾದರೂ ಕೇಳಿದರೆ ನಾನು ಅವರ ಬಲಗೈ ಮಣಿಕಟ್ಟನ್ನು ತೋರಿಸುತ್ತೇನೆ. ಮಯೂರ್ ವಿಹಾರ್‌ನಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಬಾಗಿಲು ತೆರೆದ ದಿನದಿಂದಲೂ ಕಾವಲಿಯ ಮುಂದೆ ನಿಂತವರು ಇವರೇ. ಬೆಳಗಿನ ಮೊದಲ ದೋಸೆ ದೇವರ ಫೋಟೋದ ಮುಂದಿಡುವುದಕ್ಕೆ. ಅದನ್ನು ತಮ್ಮ ಕೈಯಿಂದಲೇ ಹುಯ್ಯುತ್ತೇನೆಂದು ಆವತ್ತೇ ದೇವರಿಗೆ ಹೇಳಿಕೊಂಡಿದ್ದರಂತೆ.

ಹೋದ ಚಳಿಗಾಲದಲ್ಲಿ ಅಡುಗೆಮನೆಯ ಒದ್ದೆ ನೆಲದಲ್ಲಿ ಜಾರಿ, ಕೈ ಊರಿ ಬಿದ್ದರು. ಮಣಿಕಟ್ಟು ಮುರಿಯಿತು. ಅದರ ಜೊತೆಗೆ, ಒಳಗಿನ ಎರಡು ಪುಟ್ಟ ಎಲುಬುಗಳನ್ನು ಹಿಡಿದಿಡುವ ಲಿಗಮೆಂಟೂ ಹರಿದಿದೆ ಎಂದರು ಡಾಕ್ಟರು. ಆಪರೇಷನ್ ಆಯಿತು. ಮುರಿದಲ್ಲಿಗೆ ಪ್ಲೇಟು, ಲಿಗಮೆಂಟಿಗೆ ಹೊಲಿಗೆ, ಆ ಪುಟ್ಟ ಎಲುಬುಗಳು ಅಲುಗದಂತೆ ಎರಡು ತಂತಿ.

"ಎಲುಬು ಬೇಗ ಕೂಡುತ್ತದೆ, ಲಿಗಮೆಂಟು ನಿಧಾನ. ತಂತಿ ತೆಗೆಯುವ ಮೊದಲು ಮಣಿಕಟ್ಟು ಬಗ್ಗಿಸಿದರೆ ದೋಸೆ ಹುಯ್ಯುವುದನ್ನು ಮರೆತುಬಿಡಿ" ಎಂದು ಡಾಕ್ಟರು ಹಿಂದಿಯಲ್ಲಿ ಎರಡೆರಡು ಸಲ ಹೇಳಿದರು. ಇವರು "ಅಚ್ಛಾ, ಅಚ್ಛಾ" ಎಂದು ತಲೆಯಾಡಿಸಿದರು. ಅದನ್ನು ನಂಬಿದೆನಲ್ಲ, ನನ್ನ ಬುದ್ಧಿಗಿಷ್ಟು!

ಕೆಲವು ವಾರಗಳ ಮೇಲೆ ಪ್ಲಾಸ್ಟರ್ ತೆಗೆದು, ಬಿಚ್ಚಿ ಕಟ್ಟುವಂಥ ಗಟ್ಟಿ ಪಟ್ಟಿ ಕೊಟ್ಟರು. ಸ್ನಾನಕ್ಕೆ ಮಾತ್ರ ಬಿಚ್ಚಬೇಕು. "ಎಲುಬು ಚೆನ್ನಾಗಿ ಕೂಡುತ್ತಿದೆ" ಎಂದೂ ಹೇಳಿದರು. ಇವರ ಕಿವಿಗೆ ಬಿದ್ದದ್ದು ಅದೊಂದೇ ಮಾತು.

ಮುಂದಿನ ಸಲ ಹೋದಾಗ ಡಾಕ್ಟರು ಆ ಪಟ್ಟಿ ಬಿಚ್ಚಿ, ಅಂಚನ್ನು ಉಗುರಿನಿಂದ ಕೆರೆದು ನೋಡಿದರು. "ಯೇ ಕ್ಯಾ ಹೈ, ಭಾಯ್ ಸಾಹಬ್?"

ಒಣಗಿದ ದೋಸೆ ಹಿಟ್ಟು! ಎಕ್ಸ್-ರೇ ತೆಗೆದರೆ ಒಂದು ತಂತಿ ತುಂಡಾಗಿದೆ, ಪುಟ್ಟ ಎಲುಬುಗಳ ನಡುವೆ ಸಂದು ಬಿಟ್ಟಿದೆ. ನನಗೆ ಮೈಯೆಲ್ಲ ಉರಿದುಹೋಯಿತು.

ಹೊರಗೆ ಬಂದದ್ದೇ ಶುರು ಹಚ್ಚಿಕೊಂಡೆ. "ಏನು ಮಾಡಿಕೊಂಡಿರಿ ಮಾರಾಯ್ರೆ ಇದು?"

"ಸ್ನಾನಕ್ಕೆ ಬಿಚ್ಚಿದ್ದನ್ನು ದೋಸೆ ಹುಯ್ದ ಮೇಲೆ ಕಟ್ಟಿಕೊಳ್ತಿದ್ದೆ, ಅಷ್ಟೇ. ದಿನಕ್ಕೆ ಒಂದೇ ಕಣೇ. ದೇವರದ್ದು ಮಾತ್ರ. ಉಳಿದದ್ದೆಲ್ಲ ಅಡುಗೆ ಭಟ್ಟರೇ ಹುಯ್ತಾ ಇದ್ದಾರಲ್ಲ."

"ಅದನ್ನೂ ಅವರೇ ಹುಯ್ದರೆ ಆಗ್ತಿರಲಿಲ್ವಾ?"

"ಮಾತು ಕೊಟ್ಟವನು ನಾನೋ, ಭಟ್ಟರೋ?"

"ಸರಿ, ನಿಮಗೆ ಎಡಗೈ ಇರಲಿಲ್ವಾ?"

"ದೇವರಿಗೆ ಎಡಗೈಲಾ? ಏನು ಮಾತು ಅಂತ ಆಡ್ತೀಯ!" ಎಂದು ನನ್ನನ್ನೇ ಗದರಿದರು. ಆಸ್ಪತ್ರೆಯ ಗೇಟಿನಲ್ಲಿ ನಿಂತು ಹಣೆ ಚಚ್ಚಿಕೊಂಡೆ. ಆಟೋದವನು ನಮ್ಮಿಬ್ಬರ ಮುಖವನ್ನೂ ನೋಡಿ ಮೀಟರ್ ಹಾಕದೆ ಸುಮ್ಮನೆ ಕಾದ.

ಮತ್ತೆ ಆಪರೇಷನ್, ಮತ್ತೆ ತಂತಿ. ಈ ಸಲ ನಾನು ಕಾವಲು ಕುಳಿತೆ. ಬೆಳಗಿನ ಸ್ನಾನಕ್ಕೂ ಬಚ್ಚಲಿನ ಬಾಗಿಲಲ್ಲಿ ನಾನೇ. ತಂತಿ ತೆಗೆದರು, ಕಸರತ್ತು ಮಾಡಿಸಿದರು. ಕೊನೆಗೆ ಡಾಕ್ಟರು ಹೇಳಿದ್ದಿಷ್ಟು: ನೋವು ಕಡಿಮೆಯಾಗುತ್ತದೆ, ಆದರೆ ಮಣಿಕಟ್ಟು ಬಗ್ಗುವುದು ಅರ್ಧ ಮಾತ್ರ. ಸೌಟು ಹಿಡಿದು ತಿರುಗಿಸಲು ಅದು ಸಾಲದು. ಆವತ್ತು ಇವರು ಊಟ ಮಾಡಲಿಲ್ಲ. ಬೈಯಲು ಕೂಡಿಟ್ಟುಕೊಂಡಿದ್ದ ಮಾತುಗಳನ್ನು ನಾನೂ ನುಂಗಿಕೊಂಡೆ.

ಮರುದಿನ ಬೆಳಿಗ್ಗೆ ಹೋಟೆಲಿಗೆ ಹೋದರೆ ಇವರು ಕಾವಲಿಯ ಮುಂದೆ, ಎಡಗೈಯಲ್ಲಿ ಸೌಟು. ದೋಸೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೂತು. ಅದನ್ನೇ ಫೋಟೋದ ಮುಂದಿಟ್ಟು, ಕಣ್ಣು ಮುಚ್ಚಿ ನಿಂತರು.

ಈಗಲೂ ದಿನವೂ ಎಡಗೈ ದೋಸೆಯೇ. ಇವತ್ತಿನವರೆಗೆ ದೇವರು ಒಂದು ದಿನವೂ ಬೇಡ ಎಂದಿಲ್ಲ.