ಬರ್ರಿ ಹೋಗಿ ಬಾ ಆದದ್ದು

ನಾನು ಮುದುಕನಾದದ್ದು ಆನವಟ್ಟಿಯಲ್ಲಿ, ಒಂದು ಶ್ರಾವಣ ಸೋಮವಾರ, ಮಧ್ಯಾಹ್ನದ ಊಟವಾದ ಮೇಲೆ. ಬೆಳಿಗ್ಗೆ ಶಿಕಾರಿಪುರದಲ್ಲಿ ಬಸ್ಸು ಹತ್ತುವಾಗ ನಲವತ್ತೆರಡರ ಗಟ್ಟಿ ಆಳೇ ಆಗಿದ್ದೆ. ಪೇಟೆಯಲ್ಲಿ ಬಟ್ಟೆ ಅಂಗಡಿ, ಬಾಯಿ ತುಂಬ ಹಲ್ಲು, ತಲೆ ತುಂಬ ಕೂದಲು. ಕೂದಲು ಬೆಳ್ಳಗಾಗಿತ್ತು, ನಿಜ. ಅದು ಪಿತ್ತಕ್ಕೆ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಎಲ್ಲರೂ ಪಾಪ, ಹೌದೆಂದು ತಲೆಯಾಡಿಸುತ್ತಿದ್ದರು.

ಇದಕ್ಕೆಲ್ಲ ಕಾರಣ ನನ್ನ ಮಗಳು. ಆಗ ಅವಳಿಗೆ ಹದಿನೈದು, ಹೈಸ್ಕೂಲು. ಬೇರೆಯವರ ಹೆಣ್ಣುಮಕ್ಕಳು ಬಳೆ, ರಿಬ್ಬನ್ನು ಕೇಳುತ್ತಿದ್ದರು. ನಮ್ಮ ಮಹಾರಾಯ್ತಿಗೆ ಗವಾಯಿಗಳು ಬೇಕು. ಅದೂ ಎದುರಿಗೆ ಕೂತು ಹಾಡುವ, ನಡುವೆ ಕೆಮ್ಮುವ, ನೀರು ಕುಡಿಯುವ ಜೀವಂತ ಗವಾಯಿಗಳು! ಅದೇ ತಾನೇ ರಾಜ್ಯ ಒಂದಾಗಿ, ಆನವಟ್ಟಿಯ ಆಚೆಗಿದ್ದ ಮುಂಬಯಿ ಸೀಮೆಯೂ ನಮ್ಮದೇ ಆಗಿತ್ತು. ಪೇಟೆಯಲ್ಲಿ ಪೇಡೆ ಹಂಚಿದಾಗ ನಾನೂ ತಿಂದಿದ್ದೆ. ಹುಬ್ಬಳ್ಳಿ ಕಡೆಯ ಗವಾಯಿಗಳೆಲ್ಲ ಸಾಲುಗಟ್ಟಿ ಬಂದು ನನ್ನ ಮಗಳ ಕಿವಿಯಲ್ಲಿ ಬಿಡಾರ ಹೂಡುತ್ತಾರೆಂದು ಆಗ ಯಾರೂ ಹೇಳಲಿಲ್ಲ.

ಮನೆಯಲ್ಲಿ ಗ್ರಾಮಫೋನು ಇತ್ತು.

"ಪ್ಲೇಟು ಹಾಕ್ಕಂಡು ಕೇಳು. ಬೇಕಾದಾಗ ಹಾಡ್ತತಿ, ಬ್ಯಾಡಾದಾಗ ಸುಮ್ನಾಗ್ತತಿ" ಎಂದೆ.

"ಪ್ಲೇಟು ನನ್ನ ಮುಖ ನೋಡಿ ಹಾಡಲ್ಲ ಅಪ್ಪಾಜಿ."

"ಗವಾಯಿ ನಿನ್ನ ಮುಖ ಯಾಕೆ ನೋಡ್ಬೇಕೇ?"

"ಮುಂದೆ ಕುಂತು, ತಾಳ ಬೀಳೋ ಜಾಗಕ್ಕೆ ಸರಿಯಾಗಿ ತಲೆದೂಗಿದ್ರೆ ನೋಡೇ ನೋಡ್ತಾರೆ."

ಅವಳಿಗಿದ್ದ ಆಸೆ ಎರಡೇ. ತಂಬೂರಿ ಕೈಗೆಟುಕುವಷ್ಟು ಮುಂದೆ ಕೂರಬೇಕು. ಕೊನೆಗೆ ಹಾಡುವ ಭೈರವಿ ಮುಗಿಯುವವರೆಗೂ ಏಳಬಾರದು. ಭೈರವಿ ಹಾಡಿದರೆ ಕಛೇರಿ ಮುಗಿದಂತೆ, ಆಮೇಲೆ ಗವಾಯಿ ಬಾಯಿ ತೆರೆಯುವುದಿಲ್ಲ. ಅದನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ. ಹಿಂದೊಮ್ಮೆ ಶಿರಾಳಕೊಪ್ಪದ ಕಛೇರಿಯಲ್ಲಿ ನನ್ನ ಸೊಂಟ ಹಿಡಿಯಿತೆಂದು ನಡುವೆಯೇ ಎಬ್ಬಿಸಿಕೊಂಡು ಬಂದಿದ್ದೆ. ಮುನಿಸಿಕೊಂಡವಳು ಮನೆ ಬಾಗಿಲಲ್ಲಿ, "ಇನ್ಮೇಲೆ ಚಿಕ್ಕಪ್ಪನ ಜೊತಿ ಹೋಗ್ತೀನಿ" ಎಂದಳು.

ಚಿಕ್ಕಪ್ಪ ಎಂದರೆ ನನ್ನ ತಮ್ಮ. ಕರೀ ಕ್ರಾಪು, ಅದಕ್ಕೆ ಘಮಘಮ ಎಣ್ಣೆ. ನನ್ನ ಎದೆ ಚುರುಕ್ಕೆಂದಿತು. ಇಷ್ಟು ದಿನ ಸಂತೆ, ಜಾತ್ರೆ, ಎಲ್ಲದಕ್ಕೂ ನನ್ನ ಕಿರುಬೆರಳು ಹಿಡಿದೇ ಬಂದವಳು ಇವಳು. ಹೆಂಡತಿ ಉರಿಯುವ ಒಲೆಗೆ ಇನ್ನೊಂದು ಕಟ್ಟಿಗೆ ಒಟ್ಟಿದಳು: "ರೀ, ಕರ್ಕಂಡು ಹೋಗಿ ಬರ್ರಿ. ನಾಳೆ ಗಂಡನ ಮನಿಗೆ ಹೋದ್ಮ್ಯಾಲೆ ಯಾರು ಕರ್ಕಂಡು ಹೋಗ್ತಾರೆ?"

ಹೀಗೆ ಆನವಟ್ಟಿಗೆ ಹೋದೆವು. ಮಠದ ಅಂಗಳ ಕಿಕ್ಕಿರಿದಿತ್ತು. ಬಾಗಿಲಲ್ಲಿ ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡವನೊಬ್ಬ, "ದಾರಿ ಬಿಡ್ರಪಾ, ಅಜ್ಜಾರು ಬಂದ್ರು!" ಎಂದು ಕೂಗಿದ. ನಮ್ಮ ಕಡೆ ಮಠದ ಸ್ವಾಮಿಗಳಿಗೂ ಅಜ್ಜಾರು ಎನ್ನುವುದು ವಾಡಿಕೆ. ಸ್ವಾಮಿಗಳಿಗೆ ಇಪ್ಪತ್ತೈದೇ ಆಗಿರಲಿ, ಅಜ್ಜಾರೇ. ನಾನು ಭಕ್ತಿಯಿಂದ ಚಪ್ಪಲಿ ಬಿಟ್ಟು, ಪಕ್ಕಕ್ಕೆ ಸರಿದು, ಕೈಮುಗಿದು, ಹಿಂದಕ್ಕೆ ತಿರುಗಿ ತಲೆ ಬಗ್ಗಿಸಿ ನಿಂತೆ. ಹಿಂದೆ ಒಂದು ಎಮ್ಮೆ ನಿಂತಿತ್ತು.

"ನಿಮಗೇ ಹೇಳಿದ್ದು ಅಜ್ಜಾರೇ. ನೆಲದ ಮ್ಯಾಲೆ ಕುಂದ್ರಾಕೆ ಆಗಲ್ಲ ನಿಮಗೆ. ಮುಂದೆ ಖುರ್ಚಿ ಹಾಕೀನಿ, ಮೊಮ್ಮಗಳನ್ನೂ ಕರ್ಕಂಡು ಬರ್ರಿ."

ಹೇಳಿದವನು ನನ್ನ ಓರಗೆಯವನೇ! ಮೀಸೆಗೆ ಬಣ್ಣ ಬಳಿದಿದ್ದ, ಅಷ್ಟೇ ವ್ಯತ್ಯಾಸ. ಅವನ ಜನ್ಮ ಜಾಲಾಡಿಸಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮಗಳು ನನ್ನ ಕೈ ಒತ್ತಿ ಹಿಡಿದು, ಜೇನಿನಂಥ ದನಿಯಲ್ಲಿ, "ಬಾ ಅಜ್ಜಾ" ಎಂದಳು.

ನಮ್ಮ ಮನೆಯಲ್ಲಿ ಅಪ್ಪನಿಗೆ ಬರ್ರಿ, ಹೋಗ್ರಿ. ಬಾ, ಹೋಗು ಎನ್ನುವ ಸಲುಗೆ ಅಜ್ಜನಿಗೆ ಮಾತ್ರ. ನನಗೆ ಅರ್ಥವಾಗುವ ಮೊದಲೇ ನಾನು ಖುರ್ಚಿಯ ಮೇಲಿದ್ದೆ, ಅವಳು ನನ್ನ ಕಾಲಬಳಿ, ತಂಬೂರಿಯ ಪಕ್ಕದಲ್ಲಿ. ಗವಾಯಿ ಒಮ್ಮೆ ಇವಳ ಕಡೆ ನೋಡಿ ನಕ್ಕರು. ನನ್ನ ಕಡೆಯೂ ನೋಡಿದರು. ಈ ಇಳಿವಯಸ್ಸಿನಲ್ಲೂ ಎಂಥ ಆಸಕ್ತಿ ಎಂಬಂತೆ ಕೈಮುಗಿದರು. ನನ್ನ ಮೈ ಉರಿದುಹೋಯಿತು. ಕಡೇ ಬಸ್ಸಿಗೆ ಹೊತ್ತಾಯಿತೆಂದು ಭೈರವಿಗೆ ಮೊದಲೇ ಅವಳನ್ನು ಎಬ್ಬಿಸಿದೆ.

ಈ ಸಲ ಅವಳು ಮುನಿಸಿಕೊಳ್ಳಲಿಲ್ಲ, ಯೋಚನೆಗೆ ಬಿದ್ದಳು. ದಸರೆಯ ಹೊತ್ತಿಗೆ ಸೊರಬದಲ್ಲಿ ಅದೇ ಗವಾಯಿಗಳ ಹಾಡು ಎಂದು ಗೊತ್ತಾದಾಗ, ತೀರಿಹೋದ ನನ್ನ ತಂದೆಯ ಊರುಗೋಲು, ಬಿಳೀ ಶಾಲು ತಂದು ನನ್ನ ಮುಂದಿಟ್ಟಳು.

"ಒಂಚೂರು ಕುಂಟಿದ್ರೆ ಸಾಕು ಅಪ್ಪಾಜಿ. ಸೊರಬದಾಗೆ ನಿಮ್ಮ ಗುರ್ತು ಯಾರಿಗೈತಿ? ರಾತ್ರಿ ಅಲ್ಲೇ ಅವ್ವನ ತಂಗಿ ಮನ್ಯಾಗೆ ಉಳಿಯಾಣ, ಬಸ್ಸಿನ ಗೊಡವೀನೇ ಬ್ಯಾಡ."

ಚಿಕ್ಕಪ್ಪನ ಹೆಸರೆತ್ತಲಿಲ್ಲ. ಅಷ್ಟಕ್ಕೇ ಕರಗಿಹೋದೆ. ಪಡಸಾಲೆಯಲ್ಲಿ ಆಚೆಗೊಮ್ಮೆ ಈಚೆಗೊಮ್ಮೆ ಕುಂಟಿ ತೋರಿಸಿದೆ. ಹೆಂಡತಿ ನಕ್ಕು ನಕ್ಕು ಕಂಬ ಹಿಡಿದುಕೊಂಡಳು. "ರೀ, ಎಡಗಾಲೋ ಬಲಗಾಲೋ ಮೊದ್ಲೇ ನಿಶ್ಚಯ ಮಾಡ್ಕಳ್ರಿ. ಮರೆತು ನಡುವೆ ಬದಲಾಯಿಸೀರಿ!"

ಬಲಗಾಲು ಎಂದು ತೀರ್ಮಾನವಾಯಿತು.

ಸೊರಬದ ಚಪ್ಪರದಲ್ಲಿ ಕೋಲು ಊರುತ್ತ ಕಾಲಿಟ್ಟದ್ದೇ ತಡ, "ಬನ್ನಿ ಅಜ್ಜಯ್ಯ, ಇಲ್ಲಿ ಒರಗಿ ಕೂತ್ಕಳಿ" ಎಂದು ಯಾರೋ ತೋಳು ಹಿಡಿದು ಮುಂದೆ ಕರೆದೊಯ್ದರು. ಖುರ್ಚಿ ಇರಲಿಲ್ಲ, ಜಮಖಾನ ಮತ್ತು ಒಂದು ದಿಂಬು. ಮಗಳು ನನ್ನ ಎಡಕ್ಕೆ ಒತ್ತಿಕೊಂಡು ಕೂತಳು. ಕೂತ ಸ್ವಲ್ಪ ಹೊತ್ತಿಗೇ ನನ್ನ ಎಡಮೊಣಕಾಲು ತಕರಾರು ತೆಗೆಯಿತು. ಕಾಲು ಚಾಚಿದರೆ ತಬಲಕ್ಕೆ ತಾಗುತ್ತಿತ್ತು. ಏಳೋಣ ಎಂದು ಮಗಳ ಕಡೆ ತಿರುಗಿದೆ. ಅವಳು ತಾಳ ಬೀಳುವ ಜಾಗಕ್ಕೆ ತಲೆದೂಗುತ್ತಿದ್ದಳು. ನಾನು ಹಲ್ಲು ಕಚ್ಚಿ ಕೂತೆ.

ಭೈರವಿ ಬಂತು. ಸಂಗೀತದ ಮಾತು ನನ್ನನ್ನು ಕೇಳಬೇಡಿ, ನನಗೆ ತಿಳಿದದ್ದು ಗಜ, ಮೊಳ ಮಾತ್ರ. ಆದರೆ ಮಗಳ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಅವಳು ಒರೆಸಿಕೊಳ್ಳಲೂ ಇಲ್ಲ. ಅವಳ ಪಕ್ಕದಲ್ಲಿ ನಾನೇ ಇದ್ದೇನಲ್ಲ ಎಂದು ನನಗೆ ಎಷ್ಟು ಸುಖವಾಯಿತೆಂದರೆ, ಈ ಮನುಷ್ಯ ಇನ್ನೊಂದಿಷ್ಟು ಹೊತ್ತು ಎಳೆಯಬಾರದೇ ಎನಿಸಿತು.

ಜನ ಕರಗಿದರು, ತಬಲದವರು ಗಂಟು ಕಟ್ಟಿದರು. ನಾನು ಕೋಲಿನ ಮೇಲೆ ಭಾರ ಹಾಕಿ, ದಿಂಬು ಹಿಡಿದು, ಹೇಗೋ ಎದ್ದು ನಾಲ್ಕು ಹೆಜ್ಜೆ ಇಟ್ಟೆ. ಮಗಳು ಕಿಸಕ್ಕನೆ ನಕ್ಕಳು.

"ಅಪ್ಪಾಜಿ, ಬರೋವಾಗ ಬಲಗಾಲು ಕುಂಟಿದ್ರಿ, ಈಗ ನೋಡಿದ್ರೆ ಎಡಗಾಲು! ಅವ್ವ ಹೇಳಿದ್ದು ಮರೆತ್ರಾ? ಸಾಕು ಬಿಡ್ರಿ, ನೋಡೋರು ಯಾರೂ ಉಳಿದಿಲ್ಲ."

ನಾನೂ ನಗಲು ನೋಡಿದೆ. ಅವಳು ನನ್ನ ಮುಖ ನೋಡಿದಳು, ಕಾಲು ನೋಡಿದಳು. ನಗು ನಿಂತಿತು. ಹತ್ತಿರ ಬಂದು ನನ್ನ ತೋಳಿನ ಕೆಳಗೆ ಕೈ ಕೊಟ್ಟಳು.

"ನಿಧಾನಕ್ಕೆ ಬಾ" ಎಂದಳು.